ಶನಿವಾರವೆಂದು ಬರೆದವರು

ಅವರ ಬಲಗಿವಿ ಎಡಗಿವಿಗಿಂತ ಯಾವಾಗಲೂ ತುಸು ಹೆಚ್ಚು ಕೆಂಪಗಿರುತ್ತಿತ್ತು. ದಿನವಿಡೀ ಟೆಲಿಫೋನಿನ ರಿಸೀವರನ್ನು ಆ ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಕುತ್ತಿಗೆಯನ್ನು ಕೊಂಚ ವಾರೆ ಮಾಡಿ ಕೂರುತ್ತಿದ್ದರು. ಹೊಸಬರಿಗೆ ನಿದ್ದೆ ಹೋಗಿದ್ದಾರೆ ಅನ್ನಿಸಬೇಕು. ಮೊದಲ ದಿನ ನನಗೂ ಹಾಗೇ ಅನ್ನಿಸಿತು. ಪಾಪ, ವಯಸ್ಸಾಗಿದೆ, ಶುಗರ್ ಇರಬೇಕು ಅಂದುಕೊಂಡೆ. ಅವರು ಆ ಕಡೆಯವರ ಮಾತಿಗಿಂತ ಮಾತಿನ ಹಿಂದಿನ ಸದ್ದಿಗೆ ಕಿವಿ ಕೊಡುತ್ತಿದ್ದರು ಎಂದು ತಿಳಿಯಲು ವಾರ ಹಿಡಿಯಿತು.

ಅದು ಕುವೈತಿನಲ್ಲಿದ್ದ ಒಂದು ಚಳಿದೇಶದ ವೀಸಾ ಆಫೀಸು. ದೇಶದ ಹೆಸರು ಬರೆಯುವುದಿಲ್ಲ. ಕೆಲಸ ಬಿಡುವ ದಿನ ಒಂದು ಕಾಗದಕ್ಕೆ ಸೈನ್ ಹಾಕಿ ಬಂದಿದ್ದೇನೆ, ಮೈಸೂರಿನ ಕಾನ್ವೆಂಟಿನ ಸಿಸ್ಟರ್ಸ್ ನನಗೆ ಬೇರೇನು ಕಲಿಸಿದರೋ ಬಿಟ್ಟರೋ, ಸೈನಿಗೆ ಹೆದರುವುದನ್ನಂತೂ ಚೆನ್ನಾಗಿ ಕಲಿಸಿದರು. ಆ ಕೆಂಪು ಕಿವಿಯವರು ಅಲ್ಲಿ ಹೆಡ್ ಕ್ಲರ್ಕ್. ಉಡುಪಿ ಕಡೆಯ ತುಳು ಮನುಷ್ಯ. ಆಫೀಸಿನ ಬಿಳಿಯ ಸಾಹೇಬರಿಂದ ಹಿಡಿದು ಗೇಟಿನ ಈಜಿಪ್ಟಿನ ವಾಚ್‌ಮ್ಯಾನ್‌ವರೆಗೆ ಎಲ್ಲರಿಗೂ ಹೆಡ್ ಕ್ಲರ್ಕ್ ಎಂಬುದೇ ಅವರ ಹೆಸರಾಗಿಬಿಟ್ಟಿತ್ತು.

ನಾನು ಅಲ್ಲಿಗೆ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಗಲ್ಫ್ ಯುದ್ಧ ಮುಗಿದು ಎಲ್ಲರೂ ಮರಳಿ ಬಂದರೂ ನನ್ನ ಗಂಡ ಕೆಲಸ ಮಾಡುತ್ತಿದ್ದ ಕಂಪನಿ ಮತ್ತೆ ಬಾಗಿಲು ತೆರೆಯಲಿಲ್ಲ. ಅವರು ದಿನಾ ಇಸ್ತ್ರಿ ಮಾಡಿದ ಶರ್ಟ್ ತೊಟ್ಟು ಕೆಲಸ ಹುಡುಕಲು ಹೋಗಿ ಸಂಜೆ ಅದೇ ಇಸ್ತ್ರಿಯಲ್ಲಿ ಬರುತ್ತಿದ್ದರು. ರಿಗ್ಗೈಯ ಎರಡು ಕೋಣೆಯ ಫ್ಲಾಟು, ಇಬ್ಬರು ಮಕ್ಕಳ ಸ್ಕೂಲು, ಎಲ್ಲವೂ ನನ್ನೊಬ್ಬಳ ಸಂಬಳದ ಮೇಲೆ ನಿಂತಿದ್ದವು. ಹಾಗಾಗಿ ಆ ಕೆಲಸ ನನಗೆ ಬರೀ ಜಾಬ್ ಆಗಿರಲಿಲ್ಲ, ಕಾಲಡಿಯ ನೆಲವಾಗಿತ್ತು.

ನಮ್ಮ ಡೆಸ್ಕಿನ ಕೆಲಸ ಇನ್ವೆಸ್ಟರ್ ವೀಸಾದ ಅರ್ಜಿಗಳನ್ನು ಪರೀಕ್ಷಿಸುವುದು. ಆ ದೇಶದಲ್ಲಿ ಇಷ್ಟು ಹಣ ತೊಡಗಿಸಿ, ಸ್ವಂತ ವ್ಯಾಪಾರ ನಡೆಸಿದ ಅನುಭವ ತೋರಿಸಿದರೆ ಹೆಂಡತಿ ಮಕ್ಕಳ ಸಮೇತ ಅಲ್ಲಿ ನೆಲೆಸಬಹುದಿತ್ತು. ಹಣವನ್ನು ನಮ್ಮ ಜನ ಹೇಗೋ ಹೊಂದಿಸುತ್ತಿದ್ದರು. ತೊಡಕೆಲ್ಲ ಆ ಅನುಭವದ್ದು. ಕುವೈತಿನಲ್ಲಿ ನಮ್ಮವರ ಅಂಗಡಿ ನಮ್ಮವರ ಹೆಸರಿನಲ್ಲಿ ಇರುತ್ತಿರಲಿಲ್ಲ. ಲೈಸೆನ್ಸ್ ಕಫೀಲನದು, ಅಂದರೆ ನಮಗೆ ಜಾಮೀನು ನಿಂತ ಕುವೈತಿಯದು. ಇಪ್ಪತ್ತು ವರ್ಷ ಹೋಟೆಲು ನಡೆಸಿದವನ ಇಕಾಮಾದಲ್ಲಿ, ಆ ವಾಸದ ಪರವಾನಗಿಯಲ್ಲಿ, ಅವನು ಬರೀ ಅಡುಗೆಯವನು. ನಿಜವಾದ ವ್ಯಾಪಾರಕ್ಕೆ ಕಾಗದವಿಲ್ಲ. ಈ ಸಂದಿಯಲ್ಲಿ ನುಗ್ಗಿದವರು ಕನ್ಸಲ್ಟೆಂಟುಗಳು. ದೊಡ್ಡ ಹೋಟೆಲುಗಳಲ್ಲಿ ಸೆಮಿನಾರ್, ಹಿಮದಲ್ಲಿ ನಗುವ ಮಕ್ಕಳ ಬ್ರೋಷರ್, ಸಮೋಸ, ಜ್ಯೂಸ್. "ನಿಮ್ಮ ಅಂಗಡಿ ಮರೆತುಬಿಡಿ, ನಿಮಗೊಂದು ಕಂಪನಿ ನಾವು ಕೊಡ್ತೇವೆ" ಎನ್ನುವುದು ಅವರ ಮಾತು. ಲೆಟರ್‌ಹೆಡ್, ಸೀಲು, ಟೆಲಿಫೋನ್ ನಂಬರು, ಎಲ್ಲ ರೆಡಿ.

ಹೆಡ್ ಕ್ಲರ್ಕ್ ನನಗೆ ಕಲಿಸಿದ ಮೊದಲ ಪಾಠ ಆ ಟೆಲಿಫೋನ್ ನಂಬರಿನದೇ.

"ಬಾಯಮ್ಮ, ಗಂಟೆ ಎಷ್ಟಾಯ್ತು?" ಅವರು ನನ್ನನ್ನು ಕರೆಯುತ್ತಿದ್ದದ್ದು ಹಾಗೆ. ಅವರ ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನೆಲ್ಲ ಹಾಗೇ ಕರೆಯುವುದು.

"ಎರಡೂವರೆ ಸಾರ್."

"ಈಗ ಫರ್ವಾನಿಯಾದಲ್ಲಿ ಯಾವ ಅಂಗಡಿ ತೆರೆದುಂಟು?"

"ಯಾವ್ದೂ ಇಲ್ಲ ಸಾರ್. ಎಲ್ರೂ ಊಟ ಮಾಡಿ ಮಲಗಿರ್ತಾರೆ. ನಾಲ್ಕೂವರೆಗೆ ಬಾಗಿಲು ತೆಗೀತಾರೆ."

"ಹಾಗಾದ್ರೆ ಈ ಕಂಪನಿಗೊಂದು ಫೋನ್ ಹಾಕಿ."

ಹಾಕಿದೆ. ಒಂದೇ ರಿಂಗಿಗೆ ಎತ್ತಿದರು. ಜೇನಿನಂಥ ದನಿಯ ಒಬ್ಬಳು ಕಂಪನಿಯ ಹೆಸರು ಹೇಳಿ ಗುಡ್ ಆಫ್ಟರ್‌ನೂನ್ ಎಂದಳು. ನಾನು ಖುಷಿಯಿಂದ ಹೆಬ್ಬೆರಳು ಎತ್ತಿ ತೋರಿಸಿದೆ. ಅವರು ತಲೆ ಚಚ್ಚಿಕೊಂಡರು.

"ಎಂತ ಮಾರಾಯ್ರೆ ನೀವು! ಇಡೀ ಕುವೈತ್ ಉಂಡು ಮಲಗಿದಾಗ ಎಚ್ಚರ ಇರುವ ಕಂಪನಿ ಯಾವುದು? ನಮ್ಮಂಥವರ ಫೋನಿಗೇ ಕಾಯ್ತಾ ಕೂತದ್ದು ಅದು."

ಇನ್ನೊಂದು ಕಂಪನಿಗೆ ಮಾಡಿಸಿದರು. ಬೇರೆ ನಂಬರು, ಬೇರೆ ಹೆಸರು, ಅದೇ ಜೇನು ದನಿ, ಹಿಂದೆ ಅದೇ ಕೆಮ್ಮುವ ಏಸಿ. ಬಿಳಿಯ ಸಾಹೇಬರುಗಳು ಹೊಳೆಯುವ ಪುಸ್ತಕಗಳಿಂದ ಕಲಿಯಲಾಗದ್ದನ್ನು ಈ ಮನುಷ್ಯ ಮಧ್ಯಾಹ್ನದ ನಿದ್ದೆಯಿಂದ ಕಲಿತಿದ್ದರು.

ಫೋನಿನ ಕೆಲಸ ಮುಗಿಯುವವರೆಗೆ ಊಟ ಮಾಡುತ್ತಿರಲಿಲ್ಲ. "ಹೊಟ್ಟೆ ತುಂಬಿದ್ರೆ ಕಿವಿ ಮಲಗ್ತದೆ" ಎನ್ನುವರು. ಮೂರೂವರೆಗೆ ಸ್ಟೀಲಿನ ಡಬ್ಬಿ ಬಿಚ್ಚಿ, ಕುಚ್ಚಲಕ್ಕಿ ಅನ್ನಕ್ಕೆ ಮೊಸರು ಕಲಸಿ, ಮಾವಿನಮಿಡಿಯನ್ನು ನನ್ನ ಕಡೆಗೂ ದೂಡುವರು. ನನ್ನ ಮೈಸೂರು ಕನ್ನಡವನ್ನು ಅಣಕಿಸುವರು. ನನ್ನ ಇಂಗ್ಲಿಷಿನ ಬಗ್ಗೆ ಮಾತ್ರ ಅವರಿಗೆ ಭಾರೀ ಹೆಮ್ಮೆ. "ನೀವು ಒಮ್ಮೆ ಹಲೋ ಅಂದ್ರೆ ಸಾಕು, ಆ ಕಡೆ ಕೂತ ಕಳ್ಳ ಎದ್ದು ನಿಲ್ತಾನೆ. ಕಾನ್ವೆಂಟಿನ ಸಿಸ್ಟರ್ ಬೆತ್ತ ಹಿಡ್ಕೊಂಡು ಬಂದ ಹಾಗೆ ಆಗ್ತದೆ."

ಫೈಲಿನಲ್ಲಿ ಬರೆಯುವಾಗ ಅವರು ಬೇರೆಯೇ ಮನುಷ್ಯ. ಕೇಳಿದ್ದು, ಕಂಡದ್ದು, ಹೊತ್ತು, ವಾರ. ಅಷ್ಟೇ. ಒಮ್ಮೆ ನಾನು "ಇಟ್ ಸೀಮ್ಸ್" ಎಂದು ಶುರು ಮಾಡಿದ್ದಕ್ಕೆ ಕಾಗದವನ್ನೇ ಹಿಂದಕ್ಕೆ ಕೊಟ್ಟರು. "ಹಾಗೆ ಕಾಣ್ತದೆ ಅಂದ್ರೆ ಎಂತ? ಕಂಡಿದ್ರೆ ಕಂಡದ್ದು ಬರೀರಿ. ಕಾಣದಿದ್ರೆ ಪೆನ್ನು ಮುಚ್ಚಿ." ಇನ್ನೊಮ್ಮೆ ಅವರ ಕೈಗಡಿಯಾರ ಐದು ನಿಮಿಷ ಮುಂದೆ ಓಡುತ್ತಿದೆ ಎಂದು ಸಂಜೆ ಗೊತ್ತಾಯಿತು. ಸಾಹೇಬರ ಮೇಜಿಗೆ ಹೋಗಿಬಿಟ್ಟಿದ್ದ ಫೈಲುಗಳನ್ನೆಲ್ಲ ವಾಪಸು ಕೇಳಿ ತಂದು, ಒಂದೊಂದರಲ್ಲೂ ಹೊತ್ತನ್ನು ತಿದ್ದಿ, ಪಕ್ಕದಲ್ಲಿ ಇನಿಷಿಯಲ್ ಹಾಕಿದರು. ಸಾಹೇಬರು ನಕ್ಕು, ಫೈವ್ ಮಿನಿಟ್ಸ್ ತಾನೆ ಎಂದರು. ಇವರು ನಗಲಿಲ್ಲ. "ನಡೆಯದ ಹೊತ್ತನ್ನು ನಾನು ಹೇಗೆ ಬರೆಯಲಿ?" ಎಂದು ನನ್ನ ಹತ್ತಿರ ಕನ್ನಡದಲ್ಲಿ ಗೊಣಗಿದರು.

ಅಂಥವರ ಮೇಜಿನ ಪಕ್ಕದಲ್ಲಿ ಕೂತು ನಾನು ಮಾಡಿದ್ದನ್ನು ಈಗ ಹೇಳಬೇಕು.

ಒಂದು ಶನಿವಾರ, ಆಗಿನ ಕುವೈತಿನಲ್ಲಿ ಅದೇ ವಾರದ ಮೊದಲ ದಿನ, ನನ್ನ ಟ್ರೇಗೆ ಬಂದ ಹೊಸ ಫೈಲುಗಳಲ್ಲಿ ಒಂದನ್ನು ತೆರೆದರೆ ಟೈ ಕಟ್ಟಿಕೊಂಡು ನನ್ನ ತಂಗಿಯ ಗಂಡ ನನ್ನನ್ನು ನೋಡುತ್ತಿದ್ದ. ಯಾವುದೋ ಜನರಲ್ ಟ್ರೇಡಿಂಗ್ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಅಂತೆ. ಅವನಿಗೆ ಫರ್ವಾನಿಯಾದಲ್ಲಿ ಪರದೆ, ಸೋಫಾ ಹೊಲಿಯುವ ಅಂಗಡಿ ಇತ್ತು. ಸೊನ್ನೆಯಿಂದ ಕಟ್ಟಿದ್ದು, ಹದಿನಾಲ್ಕು ವರ್ಷದ ಅಂಗಡಿ. ಲೈಸೆನ್ಸ್ ಮಾತ್ರ ಕಫೀಲನದು, ಫೈಲಿನಲ್ಲಿದ್ದ ಇಕಾಮಾದ ಪ್ರತಿಯಲ್ಲಿ ಇವನು ಆ ಅಂಗಡಿಯ ದರ್ಜಿ. ಕನ್ಸಲ್ಟೆಂಟಿನ ಮಾತು ಕೇಳಿ, ತನಗೆ ಬೇರೆ ಯಾವ ವ್ಯಾಪಾರದ ಜೊತೆಗೂ ಸಂಬಂಧವಿಲ್ಲ ಎಂದು ಕೊನೆಯ ಪುಟದಲ್ಲಿ ಪ್ರಮಾಣ ಮಾಡಿ ಸೈನ್ ಹಾಕಿದ್ದ. ಇಲ್ಲದ ಕಂಪನಿಗಾಗಿ ಇದ್ದ ಅಂಗಡಿಯನ್ನು ಅಲ್ಲಗಳೆದಿದ್ದ.

ನಮ್ಮಲ್ಲಿ ರೂಲ್ ಇತ್ತು. ಸಂಬಂಧಿಕರ ಫೈಲು ಕೈಗೆ ಬಂದರೆ ಆ ಕ್ಷಣವೇ ತಿಳಿಸಬೇಕು, ಅಡಗಿಸಿದರೆ ಕೆಲಸ ಹೋಯಿತು. ನಾನು ತಿಳಿಸಲಿಲ್ಲ. ತಿಳಿಸಿದರೆ ಫೈಲನ್ನು ಜರಡಿ ಹಿಡಿಯುತ್ತಾರೆ, ಮೋಸವೆಂದು ಸಾಬೀತಾದರೆ ತಂಗಿಗೂ ಮಕ್ಕಳಿಗೂ ಆ ದೇಶದ ಬಾಗಿಲು ವರ್ಷಗಟ್ಟಲೆ ಬಂದ್. ಫೈಲನ್ನು ಟ್ರೇಯ ಅಡಿಗೆ ಸೇರಿಸಿದೆ. ಭಾನುವಾರ ಮತ್ತೆ ಅಡಿಗೆ. ಸೋಮವಾರ ಮತ್ತೆ. ಮನೆಯಲ್ಲಿ ಜಪಸರ ಹಿಡಿದರೆ ಮಣಿಗಳ ಎಣಿಕೆ ತಪ್ಪುತ್ತಿತ್ತು.

ಮಂಗಳವಾರ ಮಧ್ಯಾಹ್ನ ಹೆಡ್ ಕ್ಲರ್ಕ್ ನನ್ನ ಟ್ರೇಯ ಹಳೆಯ ಫೈಲುಗಳನ್ನು ತಾವೇ ಎಳೆದುಕೊಂಡರು. ಎರಡೂವರೆ ಆಗಿತ್ತು. ಅದೇ ಫೈಲು ತೆರೆದು, ನಂಬರು ನೋಡಿ, ರಿಸೀವರಿಗೆ ಕೈ ಹಾಕಿದರು.

"ಸಾರ್, ಮಾಡ್ಬೇಡಿ. ಅದು ನನ್ನ ತಂಗಿ ಗಂಡ."

ಕೈ ರಿಸೀವರಿನ ಮೇಲೇ ನಿಂತಿತು.

"ಫೈಲ್ ಯಾವತ್ತು ಬಂತು?"

"ಶನಿವಾರ."

"ಇವತ್ತು?"

"ಮಂಗಳವಾರ ಸಾರ್."

ಅವರು ಫೈಲು ಮುಚ್ಚಿ ತಮ್ಮ ಡ್ರಾಯರಿನೊಳಗೆ ಇಟ್ಟರು. ಆಮೇಲೆ, "ಹೋಗಿ ಮುಖ ತೊಳ್ಕೊಂಡು ಬನ್ನಿ. ಆ ಕಿಟಕಿ ಬದಿಯ ಮೇಜಲ್ಲಿ ಕೂತು ಬೇರೆ ಕೆಲಸ ನೋಡಿ. ಇದನ್ನು ಮುಟ್ಬೇಡಿ. ಮನೆಯಲ್ಲಿ ಬಾಯಿ ಬಿಡ್ಬೇಡಿ" ಎಂದರು.

"ನನ್ನ ಕೆಲಸ ಹೋಗುತ್ತಾ ಸಾರ್?"

"ನನ್ನ ಹತ್ರ ಕೇಳ್ತೀರಲ್ಲ? ನಾನು ಹೆಡ್ ಕ್ಲರ್ಕ್. ನಿಮ್ಮ ಸಂತ ಅಂತೋನಿ ಅಲ್ಲ."

ಆ ಶುಕ್ರವಾರ, ರಜೆಯ ದಿನ, ಚರ್ಚಿನಲ್ಲಿ ಪೂಜೆ ಮುಗಿಸಿ ತಂಗಿಯ ಮನೆಗೆ ಊಟಕ್ಕೆ ಹೋದೆವು. ಸಣ್ಣ ಎಂಬ ನಮ್ಮ ಹುದುಗಿಸಿದ ಇಡ್ಲಿ, ಕೋಳಿ ಸಾರು, ಎಂದಿನ ಗದ್ದಲ. ತಂಗಿಯ ಗಂಡ ಬಡಿಸಿಕೊಳ್ಳುತ್ತಾ ನಗತೊಡಗಿದ.

"ಬುಧವಾರ ಸಂಜೆ ಅಂಗಡಿಗೊಬ್ಬ ಮುದುಕ ಬಂದಿದ್ದ ಅಕ್ಕ. ನಮ್ಮ ಊರು ಕಡೆಯವನೇ. ಒಂದು ಗಂಟೆ ತಲೆ ತಿಂದ ಮಾರಾಯ್ತಿ! ಪರದೆಗೆ ನೆರಿಗೆ ಎಷ್ಟಿಡ್ತೀರಿ, ಲೈನಿಂಗ್ ಯಾವುದು, ಈ ಮೆಷಿನ್ ಯಾರು ತಂದದ್ದು, ಈ ಜನಕ್ಕೆ ಕೆಲಸ ಯಾರು ಕಲಿಸಿದ್ದು..."

"ನೀನು ಏನು ಹೇಳಿದೆ?" ಎಂದೆ.

"ಎಂತ ಹೇಳೋದು? ಎಲ್ಲ ನಾನೇ ಅಂದೆ! ಈ ಅಂಗಡಿಯ ಒಂದೊಂದು ಮೊಳೆ ನಾನು ಹೊಡೆದದ್ದು. ಕಫೀಲ್ ವರ್ಷಕ್ಕೊಮ್ಮೆ ಬಂದು ಚಾ ಕುಡಿದು ಹೋಗ್ತಾನೆ ಅಂದೆ. ಮುದುಕ ಖುಷಿಯಾಗಿ ಒಂದು ಕುಶನ್ ಕವರ್ ತಗೊಂಡು ಹೋದ."

ಪ್ರಮಾಣ ಮಾಡಿ ಅಲ್ಲಗಳೆದದ್ದನ್ನು ಎಷ್ಟು ಹೆಮ್ಮೆಯಿಂದ ಒಪ್ಪಿಕೊಂಡಿದ್ದ! ಶನಿವಾರ ಆಫೀಸಿಗೆ ಹೋದಾಗ ಆ ಕುಶನ್ ಕವರ್ ಹೆಡ್ ಕ್ಲರ್ಕರ ಕುರ್ಚಿಯ ಮೇಲಿತ್ತು. ನಾನು ನೋಡುತ್ತಿದ್ದುದನ್ನು ಕಂಡು ಅವರೇ ಹೇಳಿದರು: "ಗಿರಾಕಿ ಅಂತ ಒಳಗೆ ಹೋಗಿ ಏನೂ ತಗೊಳ್ಳದೆ ಬಂದ್ರೆ ಸುಳ್ಳಾಗ್ತದಲ್ಲ ಬಾಯಮ್ಮ. ಹೊಲಿಗೆ ಒಳ್ಳೆದುಂಟು."

ಅವರು ಕಫೀಲನಿಗೂ ಫೋನ್ ಮಾಡಿದ್ದರು. ಆತ ಅರಬ್ಬಿಯಲ್ಲಿ, ಅಂಗಡಿ ಅವನದು, ನನ್ನದು ಕಾಗದ ಮಾತ್ರ ಎಂದು ಹೇಳಿದನಂತೆ. ರಿಪೋರ್ಟಿನಲ್ಲಿ ಅವರು ಬರೆದದ್ದು ಇಷ್ಟು: ಅರ್ಜಿಯಲ್ಲಿರುವ ಕಂಪನಿ ಇಲ್ಲ, ಅರ್ಜಿದಾರನಿಗೆ ನಿಜವಾದ ವ್ಯಾಪಾರ ಇದೆ, ಕಣ್ಣಾರೆ ಕಂಡಿದ್ದೇನೆ, ತಪ್ಪು ಸಲಹೆ ಕೇಳಿ ಅದನ್ನೇ ಮುಚ್ಚಿಟ್ಟಿದ್ದಾನೆ, ಕಫೀಲ್ ಒಪ್ಪಿದ್ದಾನೆ. ಸಾಹೇಬರು ತಂಗಿಯ ಗಂಡನನ್ನು ಕರೆಸಿ ಅದನ್ನು ಓದಿ ಹೇಳಿದರು. ಅವನು ಒಪ್ಪಿಕೊಂಡು, ಅರ್ಜಿ ಹಿಂತೆಗೆದುಕೊಂಡ. ಬಾಗಿಲು ಬಂದ್ ಆಗಲಿಲ್ಲ. ಮುಂದೆಂದಾದರೂ ನಿಜ ಹೇಳಿ ಮತ್ತೆ ಅರ್ಜಿ ಹಾಕಬಹುದಿತ್ತು.

ಫೈಲು ಕಪಾಟಿನಲ್ಲಿಡಲು ನನ್ನ ಕೈಗೆ ಬಂತು. ಮೊದಲ ಸಾಲನ್ನು ಆಗ ಓದಿದೆ. ಅರ್ಜಿದಾರ ತನ್ನ ಸಂಬಂಧಿಕನೆಂದು ಅಸಿಸ್ಟೆಂಟ್ ಶನಿವಾರ, ಫೈಲು ಬಂದ ದಿನವೇ, ತಾನಾಗಿ ತಿಳಿಸಿದ್ದಾರೆ. ಅವರ ದುಂಡಗಿನ ಅಕ್ಷರ. ಕೆಳಗೆ ಸೈನು.

ಐದು ನಿಮಿಷಕ್ಕಾಗಿ ಅಷ್ಟೊಂದು ಫೈಲು ವಾಪಸು ತರಿಸಿದ ಮನುಷ್ಯ.

"ಸಾರ್, ಇದು..." ಎಂದು ಅವರ ಮೇಜಿನೆದುರು ನಿಂತೆ.

"ಫೈಲಿಂಗ್ ಮಾಡಿ ಬಾಯಮ್ಮ" ಎಂದು ಅವರು ರಿಸೀವರ್ ಎತ್ತಿಕೊಂಡು ಕಣ್ಣು ಮುಚ್ಚಿದರು.

ತಂಗಿಯ ಗಂಡ ನನ್ನ ಮೇಲೆ ಉರಿದುಬಿದ್ದ. "ಆಫೀಸಲ್ಲಿ ಕೂತು ನನ್ನ ಕುತ್ತಿಗೆ ಕೊಯ್ದಿರಲ್ಲ ಅಕ್ಕ! ಬೇರೆಯವರೆಲ್ಲ ಅದೇ ಕಾಗದ ಹಿಡ್ಕೊಂಡು ವಿಮಾನ ಹತ್ತಿದ್ರು. ನನಗೆ ಮಾತ್ರ ನಿಮ್ಮ ಕಾನೂನು!" ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ನಮ್ಮ ಹೆಡ್ ಕ್ಲರ್ಕ್ ಬೇಡವೆಂದು ಬರೆದ ಎಷ್ಟೋ ಫೈಲುಗಳಿಗೆ ಮೇಲಿನವರು ಅವಸರದಲ್ಲಿ ಸೀಲು ಒತ್ತಿದ್ದರು. ಹಣ ಬರುವ ಸ್ಕೀಮು, ಫೋನಿನಲ್ಲಿ ಕೆಮ್ಮುವ ಏಸಿಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಎರಡು ಕ್ರಿಸ್‌ಮಸ್ ನಮ್ಮೆರಡು ಮನೆಗಳ ನಡುವೆ ಹಬ್ಬದ ತಿಂಡಿಗಳ ಕುಸ್ವಾರ್ ತಟ್ಟೆ ಓಡಾಡಲಿಲ್ಲ. ನಾನು ಕರಿದ ಕಿಡಿಯೊ, ನೆವ್ರಿ ಎಲ್ಲ ನಾವೇ ತಿಂದೆವು. ಚರ್ಚಿನ ಬಾಗಿಲಲ್ಲಿ ತಂಗಿ ಮಾತ್ರ ಗಂಡನಿಗೆ ಕಾಣದಂತೆ ನನ್ನ ಕೈ ಒತ್ತಿ ಹೋಗುತ್ತಿದ್ದಳು.

ಆಮೇಲೆ ಆ ಕನ್ಸಲ್ಟೆಂಟು ಒಂದು ದಿನ ಬೋರ್ಡು ಸಮೇತ ಕಾಣೆಯಾದ. ಆ ದೇಶದ ಸರ್ಕಾರ ತಡವಾಗಿ ಎಚ್ಚೆತ್ತು ಹಳೆಯ ಫೈಲುಗಳನ್ನು ಕೆದಕತೊಡಗಿತು. ಅಲ್ಲಿಗೆ ಹೋಗಿ ನೆಲೆಸಿದವರಿಗೆ ಒಬ್ಬೊಬ್ಬರಾಗಿ ಕಾಗದ ಬಂತು: ನಿಮ್ಮ ಕಂಪನಿ ಎಲ್ಲಿದೆ, ತೋರಿಸಿ. ಕೆಲವರು ಶಾಲೆಯ ನಡುವೆ ಮಕ್ಕಳನ್ನು ಬಿಡಿಸಿಕೊಂಡು ಸೀದಾ ಮಂಗಳೂರಿಗೆ ಹೊರಟುಬಂದರು. ಮೂರನೆಯ ಕ್ರಿಸ್‌ಮಸ್‌ಗೆ ತಂಗಿಯ ಗಂಡ ತಾನೇ ತಟ್ಟೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದ. "ಆಯ್ತು ಅಕ್ಕ, ಖಲಾಸ್. ತಿನ್ನಿ" ಎಂದ. ಅವನಿಗೆ ಕ್ಷಮೆ ಕೇಳಲು ಬರುವುದು ಅಷ್ಟೇ.

ಆ ಹೊತ್ತಿಗೇ ತನಿಖೆಯವರು ಕುವೈತಿಗೂ ಬಂದರು. ತಲೆ ಬೆಳ್ಳಗಾದ ಒಬ್ಬ ಹೆಂಗಸು, ಜೊತೆಗೊಬ್ಬ ಸಹಾಯಕ. ವಾರಗಟ್ಟಲೆ ಫೈಲು ಓದಿದರು. ಹೆಡ್ ಕ್ಲರ್ಕರ ಟಿಪ್ಪಣಿಗಳಿಗೆ ಒಂದೊಂದಾಗಿ ಗುರುತು ಹಾಕಿಕೊಂಡರು. ಒಂದು ಬೆಳಿಗ್ಗೆ ಆಕೆ ನಮ್ಮಿಬ್ಬರನ್ನೂ ಕೂರಿಸಿ, ತಂಗಿಯ ಗಂಡನ ಫೈಲು ತೆರೆದು, ಆ ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಇಡೀ ಆಫೀಸಿನಲ್ಲಿ ರೂಲ್ ಅಂದರೆ ರೂಲ್ ಎಂದು ನಡೆದ ಅಸಿಸ್ಟೆಂಟ್ ನೀವೊಬ್ಬರೇ, ಎಕ್ಸೆಂಪ್ಲರಿ ಎಂದರು. ನನ್ನ ಹೆಸರು ರಿಪೋರ್ಟಿನಲ್ಲಿ ಹೋಗುತ್ತದೆ ಎಂದರು.

ನಾನು ಬಾಯಿ ತೆರೆದೆ. ಹೇಳಿಬಿಡಬೇಕು ಎಂದೇ ತೆರೆದೆ.

"ಬಾಯಮ್ಮ, ಚಾ ತರಿಸ್ಲಾ?" ಎಂದರು ಪಕ್ಕದಲ್ಲಿದ್ದ ಹೆಡ್ ಕ್ಲರ್ಕ್. ಆಕೆಗೆ ತಿಳಿಯದ ನಮ್ಮ ಭಾಷೆಯಲ್ಲಿ, ಬಹಳ ಮೆತ್ತಗೆ. "ಚಾ ಕುಡೀರಿ. ಸುಮ್ನೆ ಕುಡೀರಿ."

ಕುಡಿದೆ. ನಾನು ಹೇಳಿದ್ದರೆ ನನ್ನ ಕೆಲಸದ ಜೊತೆಗೆ ಅವರ ಅಷ್ಟು ವರ್ಷದ ಒಂದೊಂದು ಸಾಲೂ ಸುಳ್ಳಾಗುತ್ತಿತ್ತು ಎಂದು ನನಗೆ ಹೊಳೆದದ್ದು ಕಪ್ಪಿನ ತಳ ಕಂಡ ಮೇಲೆ.

ಅವರು ರಿಟೈರ್ ಆದ ದಿನ ಕಟ್ಲೆಟ್, ಕೇಕು, ಭಾಷಣ ಎಲ್ಲ ಇತ್ತು. ಒಂದು ಮೂಲೆಯಲ್ಲಿ ಅವರನ್ನು ಹಿಡಿದು ಕೇಳಿಯೇಬಿಟ್ಟೆ.

"ಯಾಕೆ ಸಾರ್ ಹಾಗೆ ಬರೆದ್ರಿ?"

"ಯಾವುದು?"

"ಶನಿವಾರ ಅಂತ."

"ಫೈಲ್ ಬಂದದ್ದು ಶನಿವಾರವೇ ಅಲ್ವಾ?" ಎಂದು ಅವರು ಇನ್ನೊಂದು ಕಟ್ಲೆಟ್ ತೆಗೆದುಕೊಂಡರು. "ಇದರಲ್ಲಿ ಮೊಟ್ಟೆ ಹಾಕಿದ್ದಾರಾ ನೋಡಿ ಹೇಳಿ ಬಾಯಮ್ಮ."

ಅವರ ಕುರ್ಚಿಗೆ ನಾನು ಬಂದೆ. ಹೊಸಬರಿಗೆ ಟ್ರೇನಿಂಗ್ ಕೊಡುವಾಗ, ಸಂಬಂಧಿಕರ ಫೈಲು ಬಂದರೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಮೇಲಿನವರೇ ಆ ಫೈಲನ್ನು ಮಾದರಿಯೆಂದು ಕಳಿಸಿಕೊಡುತ್ತಿದ್ದರು. ನನ್ನ ಕಥೆಯನ್ನು ನಾನೇ ಕಾನ್ವೆಂಟಿನ ಇಂಗ್ಲಿಷಿನಲ್ಲಿ ಓದಿ ಹೇಳುತ್ತಿದ್ದೆ. ನನ್ನ ಮಕ್ಕಳು ಓದಿದ್ದು ಆ ಸಂಬಳದಲ್ಲಿ. ನನ್ನ ಗಂಡನ ಕೊನೆಯ ವರ್ಷಗಳ ಆಸ್ಪತ್ರೆ, ಔಷಧಿ ನಡೆದದ್ದು ಅದರಲ್ಲಿ. ತಂಗಿಯ ಗಂಡ ಕಫೀಲನನ್ನು ಕಾಡಿ ಬೇಡಿ ಪಾರ್ಟ್ನರ್ ಎಂದು ಕಾಗದ ಮಾಡಿಸಿ, ನಿಜವಾದ ಅಂಗಡಿಯ ಹೆಸರಿನಲ್ಲಿ ಮತ್ತೆ ಅರ್ಜಿ ಹಾಕಿದ. ಸರದಿ ಬರುವ ಮೊದಲು ಆ ಸರ್ಕಾರ ಸ್ಕೀಮನ್ನೇ ಮುಚ್ಚಿತು. ಅವನು ಕುವೈತಿನಲ್ಲಿಯೇ ಉಳಿದ, ಪರದೆ ಹೊಲಿದ. ಅವನ ಮಗಳು ಈಗ ಅಲ್ಲಿನ ಎಗೈಲಾದ ಮಾಲ್ ಒಂದರಲ್ಲಿ ಮ್ಯಾನೇಜರು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ, "ಆಂಟಿ, ಡ್ಯಾಡಿ ಈಸ್ ಹ್ಯಾಪಿ ಹಿಯರ್" ಎನ್ನುತ್ತಾಳೆ.

ಹೆಡ್ ಕ್ಲರ್ಕ್ ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಎಲ್ಲ ಕ್ರಿಯೆಗಳೂ ಮುಗಿದಿದ್ದವು. ನಾನೂ ಕುವೈತ್ ಬಿಟ್ಟು ಮಂಗಳೂರಿಗೆ ಬಂದಿದ್ದೆ. ನಂಬರು ಹುಡುಕಿ ಅವರ ಹೆಂಡತಿಗೆ ಫೋನ್ ಮಾಡಿದೆ. ಆಕೆಯನ್ನು ನಾನು ನೋಡಿದವಳಲ್ಲ. ಮಕ್ಕಳನ್ನು ಓದಿಸಲು ಊರಲ್ಲೇ ಉಳಿದವರು.

ನಾನು ಯಾರೆಂದು ಹೇಳುತ್ತಿದ್ದಂತೆ ಆಕೆಯ ಸ್ವರ ಬದಲಾಯಿತು. "ಓ, ನೀವು ಆ ಬಾಯಮ್ಮ ಅಲ್ವಾ? ಸ್ವಂತ ತಂಗಿಯ ಗಂಡ ಅಂತ ನೋಡದೆ, ಫೈಲ್ ಬಂದ ದಿನವೇ ಎದ್ದು ನಿಂತು ಹೇಳಿದವರು? ರಜೆಗೆ ಬಂದಾಗೆಲ್ಲ ಮಕ್ಕಳಿಗೆ ನಿಮ್ಮದೇ ಕಥೆ. ಹಾಗೆ ಇರ್ಬೇಕು ಮನುಷ್ಯ ಅಂತ ಹೇಳುವವರು."

ಮನೆಯಲ್ಲಿಯೂ ಹೇಳಿದ್ದರು. ಅವರ ಮನೆಗೆ ಯಾವ ಆಡಿಟರ್ ಬರಲಿಕ್ಕಿತ್ತು?

"ಅಮ್ಮ," ಎಂದೆ, "ಅದು ಹಾಗಲ್ಲ. ನಾನು ಹೇಳಿದ್ದು ಶನಿವಾರ ಅಲ್ಲ, ಮಂಗಳವಾರ. ಮೂರು ದಿನ ಫೈಲನ್ನ ಅಡಗಿಸಿಟ್ಟಿದ್ದೆ. ನನ್ನ ಕೆಲಸ ಉಳೀಲಿ ಅಂತ ಅವರು ಹಾಗೆ ಬರೆದ್ರು."

ಫೋನನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ, ಆ ಕಡೆಯ ಸದ್ದಿಗೆ ಕಿವಿ ಕೊಟ್ಟೆ.

"ಛೆ ಛೆ," ಎಂದರು ಆಕೆ, ಮಗುವನ್ನು ಸಮಾಧಾನ ಮಾಡುವ ಹಾಗೆ. "ನಿಮಗೆ ಮರ್ತು ಹೋಗಿರ್ಬೇಕು ಬಾಯಮ್ಮ, ವಯಸ್ಸಾಯ್ತಲ್ಲ. ಅವರು ಶನಿವಾರ ಅಂತಲೇ ಹೇಳಿದ್ದು, ನನಗೆ ಸರಿಯಾಗಿ ನೆನಪುಂಟು. ಅವರು ಬರೆದದ್ದು ಯಾವತ್ತಾದ್ರೂ ತಪ್ಪಿದ್ದುಂಟಾ, ನೀವೇ ಹೇಳಿ?"

ಇಲ್ಲ ಅಂದೆ.